ಮಸಾಯಿ ಮಾರಾದಲ್ಲಿ ಒಂದು ದಿನ: ಬೆಳಗಿನಿಂದ ಸಂಜೆ ತನಕ ಒಳಗೇ ಇರಬೇಕಾ, ಎರಡು ಸುತ್ತು ಸಾಕಾ?

ಕೊಂಡಜ್ಜಿ ಕೆರೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಮೂರನೇ ವಾರ ಕೀನ್ಯಾಕ್ಕೆ ಹೊರಟಿದ್ದೇವೆ, ಒಟ್ಟು ಆರು ಜನ. ನಾವಿಬ್ಬರು, ಹತ್ತು ವರ್ಷದ ಮಗಳು, ನನ್ನ ತಮ್ಮ, ಜೊತೆಗೆ ಅತ್ತೆ-ಮಾವ. ಮಾವನವರಿಗೆ 68, ಅತ್ತೆಯವರಿಗೆ ಮಂಡಿ ನೋವು. ಅಲ್ಲಿನ ಮಸಾಯಿ ಮಾರಾ ವನ್ಯಜೀವಿ ಧಾಮದ ಸೆಕೆನಾನಿ ಗೇಟಿನ ಹೊರಗೆ ಕ್ಯಾಂಪ್, ಮೂರು ರಾತ್ರಿ. ಛಾವಣಿ ಮೇಲೆದ್ದು ತೆರೆದುಕೊಳ್ಳುವ ಲ್ಯಾಂಡ್ ಕ್ರೂಸರ್, ಬೇರೆಯವರು ಯಾರೂ ಇರುವುದಿಲ್ಲ.

ನಡುವಿನ ಒಂದು ಪೂರ್ತಿ ದಿನಕ್ಕೆ ಏಜೆಂಟ್ ಎರಡು ಆಯ್ಕೆ ಕೊಟ್ಟಿದ್ದಾರೆ. ಒಂದು, ಬುತ್ತಿ ಕಟ್ಟಿಸಿಕೊಂಡು ಬೆಳಿಗ್ಗೆ 6ಕ್ಕೆ ಒಳಗೆ ಹೋಗಿ, ಮಾರಾ ನದಿ ತನಕ ಸುತ್ತಿ, ಸಂಜೆ 6ಕ್ಕೆ ಹೊರಗೆ ಬರೋದು. ಇನ್ನೊಂದು, ಬೆಳಿಗ್ಗೆ ನಾಲ್ಕು ಗಂಟೆ ಸುತ್ತಿ, ಮಧ್ಯಾಹ್ನ ಕ್ಯಾಂಪಿನಲ್ಲಿ ಊಟ-ವಿಶ್ರಾಂತಿ ಮುಗಿಸಿ, 3:30ಕ್ಕೆ ಮತ್ತೆ ಒಳಗೆ ಹೋಗೋದು. ಯಾವುದು ಸರಿ? ‘ಬಿಗ್ ಫೈವ್ (ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ) ಒಂದೇ ದಿನಕ್ಕೆ ತೋರಿಸ್ತೀವಿ’ ಅಂತಿದ್ದಾರೆ. ನಮಗೆ ಐದರ ಲೆಕ್ಕ ಮುಖ್ಯವಲ್ಲ, ಪ್ರಾಣಿಗಳು ಏನು ಮಾಡುತ್ತವೆ ಅಂತ ನೆಮ್ಮದಿಯಾಗಿ ನೋಡಬೇಕು. ವಲಸೆ ಬರುವ ವೈಲ್ಡ್‌ಬೀಸ್ಟ್ (ದನದಂಥ ದೊಡ್ಡ ಜಿಂಕೆ ಜಾತಿ) ಹಿಂಡು ನದಿ ದಾಟುವುದು ನೋಡಲು ಸಿಕ್ಕರೆ ಸಂತೋಷ. ಎಲ್ಲರೂ ಸಸ್ಯಾಹಾರಿಗಳು. ನಮ್ಮ ಹತ್ತಿರ 8x42 ಬೈನಾಕ್ಯುಲರ್ ಒಂದು, 100-400 ಲೆನ್ಸಿನ ಕ್ಯಾಮೆರಾ ಒಂದು ಇದೆ. ಯಾವ ಹೊತ್ತಿಗೆ ಎಲ್ಲಿರಬೇಕು, ಎಲ್ಲಿ ಎಡವಟ್ಟಾಗುತ್ತೆ ಅನ್ನೋದನ್ನ ತಿಳಿದವರು ಬಿಡಿಸಿ ಹೇಳಿ.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಇಡೀ ದಿನ ಒಳಗೇ ಇರಿ. ಆದರೆ ನದಿಯೇ ಗುರಿ ಅಂತ ಇಟ್ಟುಕೊಳ್ಳಬೇಡಿ.

ಮೊದಲು ದುಡ್ಡಿನ ಲೆಕ್ಕ. ಜುಲೈನಿಂದ ಡಿಸೆಂಬರ್ ತನಕ ಮಾರಾ ಪ್ರವೇಶ ಶುಲ್ಕ ವಿದೇಶಿ ವಯಸ್ಕರಿಗೆ ದಿನಕ್ಕೆ 200 ಡಾಲರ್, 9ರಿಂದ 17 ವರ್ಷದ ಮಕ್ಕಳಿಗೆ 50. ನಿಮ್ಮ ಆರು ಜನಕ್ಕೆ ಒಂದು ದಿನಕ್ಕೇ 1,050 ಡಾಲರ್. ಆ ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರ ತನಕ ಮಾತ್ರ, 24 ಗಂಟೆಯದ್ದಲ್ಲ. ಕ್ಯಾಂಪ್ ಗೇಟಿನ ಹೊರಗಿರುವುದರಿಂದ ಮಧ್ಯಾಹ್ನ ಹೊರಗೆ ಬಂದು ಅದೇ ಟಿಕೆಟಿನಲ್ಲಿ ಮತ್ತೆ ಒಳಗೆ ಬಿಡುತ್ತಾರಾ ಅಂತ ಏಜೆಂಟರಿಂದ ಬರಹದಲ್ಲೇ ತೆಗೆದುಕೊಳ್ಳಿ. ಎರಡು ಸುತ್ತಿನ ಯೋಜನೆ ಕೆಡುವುದು ಇಲ್ಲೇ. ಹೊರಡುವ ದಿನವೂ ಬೆಳಿಗ್ಗೆ 10ರೊಳಗೆ ಗೇಟು ದಾಟದಿದ್ದರೆ ಇನ್ನೊಂದು ದಿನದ ಶುಲ್ಕ ಬೀಳುತ್ತದೆ. ಅದು ಒಳಗೆ ಉಳಿದುಕೊಂಡವರ ಮಾತು, ಆದರೂ ತಿಳಿದಿರಲಿ.

ಈಗ ಹೊತ್ತಿನ ಲೆಕ್ಕ. ಮಾರಾ ಇರುವುದು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಒಂದೂವರೆ ಡಿಗ್ರಿಯಲ್ಲಿ. ವರ್ಷವಿಡೀ ಸೂರ್ಯ ಹುಟ್ಟೋದು ಸುಮಾರು 6:30, ಮುಳುಗೋದು ಸುಮಾರು 6:40. ಗೇಟು ತೆರೆಯುವಾಗ ಇನ್ನೂ ಮಸುಕು ಕತ್ತಲೆ ಇರುತ್ತದೆ. ಆ ಮೊದಲ ಎರಡು ಗಂಟೆಯೇ ದಿನದ ಬಂಡವಾಳ. 5:15ಕ್ಕೆ ಎದ್ದು ಚಹಾ-ಬಿಸ್ಕತ್ತು ಮುಗಿಸಿ 5:45ಕ್ಕೆ ಗೇಟಿನಲ್ಲಿರಿ. ಆಗಸ್ಟಿನಲ್ಲಿ ಗೇಟಿನ ಮುಂದೆ ಗಾಡಿಗಳ ಸಾಲು ಇರುತ್ತದೆ. ಶುಲ್ಕ ಹಿಂದಿನ ದಿನವೇ ಕಟ್ಟಿ, ರಸೀದಿ ಡ್ರೈವರ್ ಕೈಯಲ್ಲಿರಲಿ. ಕ್ಯಾಂಪಿನಲ್ಲಿ 7ಕ್ಕೆ ತಿಂಡಿ ತಿಂದು ಆರಾಮಾಗಿ ಹೊರಟರೆ ಆ ದಿನದ ಅರ್ಧ ಮುಗಿದಂತೆ.

6ರಿಂದ 8: ಸಿಂಹಗಳು ರಾತ್ರಿಯ ಬೇಟೆ ಮುಗಿಸಿ ಇನ್ನೂ ಬಯಲಲ್ಲೇ ಇರುತ್ತವೆ. ಮರಿಗಳು ಆಡುವುದು, ಗಂಡುಗಳು ಗಡಿ ಗುರುತು ಮಾಡುತ್ತ ನಡೆಯುವುದು, ಕತ್ತೆಕಿರುಬಗಳು ಹೊಟ್ಟೆ ತುಂಬಿಸಿಕೊಂಡು ಬಿಲದ ಕಡೆ ಮರಳುವುದು ಎಲ್ಲ ಈ ಹೊತ್ತಿನಲ್ಲೇ. ಬಿಸಿಲೇರಿದ ಮೇಲೆ ಅದೇ ಸಿಂಹ ಪೊದೆಯ ಕೆಳಗೆ ಕಾಲು ಮೇಲೆ ಮಾಡಿ ಮಲಗಿರುತ್ತದೆ. ಒಂದು ಕಡೆ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿಸಿ, ಐದು ನಿಮಿಷ ಕಿವಿಗೊಟ್ಟು ಕೇಳಿ. ಗರ್ಜನೆ, ಕಿರುಬನ ಕೂಗು, ಗಿನಿಕೋಳಿಯ ಗದ್ದಲ ಯಾವ ದಿಕ್ಕಿನಿಂದ ಬಂತು ಅಂತ ಗೊತ್ತಾದರೆ ಆಮೇಲೆ ಹುಡುಕಾಟ ಅರ್ಧ ಕಡಿಮೆಯಾಗುತ್ತದೆ.

8ರಿಂದ 10: ಚೀತಾದ ಹೊತ್ತು. ಅದು ಹಗಲು ಬೇಟೆಗಾರ. ಹುತ್ತದ ಮೇಲೆ ಹತ್ತಿ ಕುಳಿತು ನೋಡುತ್ತದೆ, ಹಾಗಾಗಿ ನೀವೂ ಬೈನಾಕ್ಯುಲರ್ ಹಿಡಿದು ಒಂದೊಂದು ಹುತ್ತದ ನೆತ್ತಿ ನೋಡುತ್ತ ಹೋಗಿ. ಚಿರತೆ ಬೇಕಾದರೆ ತಾಲೆಕ್ ನದಿಯ ಅಂಚು, ಒಣ ಹಳ್ಳಗಳ ಪೊದೆ, ಅತ್ತಿ ಜಾತಿಯ ದೊಡ್ಡ ಮರಗಳು, ಸಾಸೇಜ್ ಮರ. ನಮ್ಮ ಪಾರ್ಕುಗಳಲ್ಲೂ ಉದ್ದುದ್ದ ಕಾಯಿ ಜೋತುಬಿದ್ದಿರುತ್ತವಲ್ಲ, ಅದೇ ಮರ. ಕೊಂಬೆಯ ಮೇಲೆ ಇಡೀ ಚಿರತೆ ಹುಡುಕಬೇಡಿ, ಕೆಳಗೆ ನೇತಾಡುವ ಬಾಲ ಅಥವಾ ಕಾಲು ಹುಡುಕಿ.

10ರಿಂದ 3ರ ತನಕ ಬೆಕ್ಕಿನ ಜಾತಿಯನ್ನು ಮರೆತುಬಿಡಿ. ಆನೆ ಹಿಂಡು ನೀರಿಗೆ ಬರುತ್ತವೆ, ನೀರಾನೆ ಮಡುವಿನಲ್ಲಿ ಒತ್ತೊತ್ತಾಗಿ ಬಿದ್ದಿರುತ್ತವೆ, ಜಿರಾಫೆ ಮೇಯುತ್ತವೆ, ರಣಹದ್ದುಗಳು ಬಿಸಿಗಾಳಿ ಹಿಡಿದು ಮೇಲೇರುತ್ತವೆ. ನದಿ ಕಡೆ ಹೋಗುವುದಿದ್ದರೆ ಇದೇ ಹೊತ್ತು ಸರಿ. 4ರ ಮೇಲೆ, ಬೆಳಿಗ್ಗೆ ನೀವು ಸಿಂಹಗಳನ್ನು ನೋಡಿ ಬಂದ ಜಾಗಕ್ಕೆ ವಾಪಸ್ ಹೋಗಿ. ಮಲಗಿದ್ದ ಗುಂಪು ಸಾಮಾನ್ಯವಾಗಿ ದೂರ ಹೋಗಿರುವುದಿಲ್ಲ. ಏಳುವಾಗ ಮೊದಲು ಆಕಳಿಕೆ, ಆಮೇಲೆ ಒಂದನ್ನೊಂದು ನೆಕ್ಕುವುದು, ಆಮೇಲೆ ನಡಿಗೆ. ಹೊಟ್ಟೆ ನೋಡಿ. ಉಬ್ಬಿ ಜೋತುಬಿದ್ದಿದ್ದರೆ ಇವತ್ತು ಬೇಟೆ ಇಲ್ಲ. ಪಕ್ಕೆ ಒಳಗೆ ಹೋಗಿದ್ದರೆ ಅಲ್ಲೇ ಕೂರಿ.

ಇಲ್ಲಿ ಹೆಚ್ಚಿನವರು ತಪ್ಪುವುದು ಏನೆಂದರೆ, ಸಿಂಹ ಹುಡುಕುತ್ತಾ ಸಿಂಹವನ್ನೇ ನೋಡುತ್ತಿರುತ್ತಾರೆ. ಮಿಕ್ಕ ಪ್ರಾಣಿಗಳನ್ನು ನೋಡಬೇಕು. ಟೋಪಿ ಅಂತ ಒಂದು ಜಿಂಕೆ ಇದೆ. ಕೆಂಗಂದು ಮೈ, ತೊಡೆಯ ಮೇಲೆ ನೀಲಿ-ಕಪ್ಪು ಮಚ್ಚೆ, ಮೊಣಕಾಲಿನ ಕೆಳಗೆ ಹಳದಿ. ಹುತ್ತದ ಮೇಲೆ ಕಾವಲು ನಿಂತ ಹಾಗೆ ನಿಲ್ಲುತ್ತದೆ. ಮೇಯುವುದನ್ನು ಬಿಟ್ಟು ಮೂರ್ನಾಲ್ಕು ಟೋಪಿ ಒಂದೇ ದಿಕ್ಕಿಗೆ ಮುಖ ಮಾಡಿ ಮೂಗಿನಿಂದ ಬುಸುಗುಟ್ಟುತ್ತಿದ್ದರೆ ಅವುಗಳ ನೋಟದ ಗೆರೆ ಹಿಡಿದು ಬೈನಾಕ್ಯುಲರ್ ಹಾಯಿಸಿ. ಜಿರಾಫೆಗೆ ಎತ್ತರದಿಂದ ಹುಲ್ಲಿನೊಳಗಿನದು ಕಾಣುತ್ತದೆ, ಅದು ಸೊಪ್ಪು ಜಗಿಯುವುದು ನಿಲ್ಲಿಸಿ ದಿಟ್ಟಿಸಿದರೆ ಅದಕ್ಕೂ ಬೆಲೆ ಕೊಡಿ. ರಣಹದ್ದು ಆಕಾಶದಲ್ಲಿ ಸುತ್ತುತ್ತಿದ್ದರೆ ಬಿಡಿ. ಕಾಲು ಇಳಿಬಿಟ್ಟು ಒಂದರ ಹಿಂದೆ ಒಂದು ಧುಮುಕುತ್ತಿದ್ದರೆ ಕೆಳಗೆ ಸತ್ತ ಪ್ರಾಣಿ ಇದೆ. ಸುತ್ತಲ ಮರಗಳಲ್ಲಿ ಕುಳಿತು ಇಳಿಯದೇ ಕಾಯುತ್ತಿದ್ದರೆ ಆ ಸತ್ತ ಪ್ರಾಣಿಯ ಹತ್ತಿರ ಇನ್ನೂ ಸಿಂಹವೋ ಕಿರುಬವೋ ಇದೆ ಅಂತ ಅರ್ಥ.

ಎರೆಹೊಲ, ಚಳ್ಳಕೆರೆ

ಮೇಲಿನವರು ಹೇಳಿದ್ದು ಒಪ್ಪಿದೆ. ನದಿ ವಿಷಯ ಮಾತ್ರ ಇನ್ನೊಂಚೂರು ಬಿಡಿಸಬೇಕು, ಆಗಸ್ಟಿನಲ್ಲಿ ಎಲ್ಲರೂ ಎಡವೋದು ಅಲ್ಲೇ.

ಸೆಕೆನಾನಿಯಿಂದ ಮಾರಾ ನದಿ ಅಂಚಿಗೆ ಹೋಗೋಕೆ ಮಧ್ಯೆ ಎಲ್ಲೂ ನಿಲ್ಲದಿದ್ದರೂ ಎರಡು ಗಂಟೆ ಹತ್ತಿರ ಬೇಕು. ಹೋಗಿ-ಬಂದು ನಾಲ್ಕು ಗಂಟೆ ಬರೀ ಓಟ. ಸೆರೆಂಗೆಟಿ (ಪಕ್ಕದ ಟಾಂಜಾನಿಯಾದ ಬಯಲು)-ಮಾರಾ ಸುತ್ತಿನಲ್ಲಿ 13 ಲಕ್ಷದ ಹತ್ತಿರ ವೈಲ್ಡ್‌ಬೀಸ್ಟ್, ಎರಡು ಲಕ್ಷದಷ್ಟು ಜೀಬ್ರಾ ತಿರುಗುತ್ತವೆ. ಹಾಗಂತ ಅವು ಒಂದೇ ಸಲ ಬಂದು ಒಂದೇ ಸಲ ದಾಟೋದಿಲ್ಲ. ಜುಲೈ ಕೊನೆಯಿಂದ ಅಕ್ಟೋಬರ್ ತನಕ ಮಳೆ ಬಿದ್ದ ಕಡೆ ಹುಲ್ಲು ಹುಡುಕಿಕೊಂಡು ಆ ದಡ, ಈ ದಡ ಅಂತ ಹಲವು ಸಲ ದಾಟುತ್ತವೆ. ಯಾವ ದಿನ, ಯಾವ ಗಂಟೆ ಅಂತ ಯಾರಿಗೂ ಹೇಳೋಕೆ ಆಗಲ್ಲ. ಹೇಳಿದವರನ್ನ ನಂಬಬೇಡ್ರಿ. ಹಿಂದಿನ ಸಂಜೆ ಡ್ರೈವರ್ ಹತ್ತಿರ ಎರಡೇ ಪ್ರಶ್ನೆ ಕೇಳ್ರಿ: ಹಿಂಡು ನದಿಯಿಂದ ಎಷ್ಟು ದೂರದಲ್ಲಿದೆ, ಮುಖ ನದಿ ಕಡೆ ಇದೆಯಾ? ಎರಡಕ್ಕೂ ಒಳ್ಳೇ ಉತ್ತರ ಬಂದರೆ ಹೋಗಿ. ಇಲ್ಲಾಂದ್ರೆ ಸೆಕೆನಾನಿ-ತಾಲೆಕ್ ನಡುವಿನ ಬಯಲಲ್ಲೇ ದಿನ ಕಳೀರಿ. ಆ ಬಯಲಿಗೂ ಆಗಸ್ಟಿನಲ್ಲಿ ವೈಲ್ಡ್‌ಬೀಸ್ಟ್ ಬರುತ್ತವೆ.

ಹೋದಿರಿ ಅಂತಿಟ್ಟುಕೊಳ್ಳಿ. ಹಿಂಡು ದಡದ ಮೇಲೆ ಸೇರುತ್ತೆ, ಮುಂದಿನವು ನೀರಿನ ತನಕ ಇಳಿಯುತ್ತವೆ, ಹಿಂದೆ ಸರಿಯುತ್ತವೆ, ಮತ್ತೆ ಇಳಿಯುತ್ತವೆ. ಮೂರು-ನಾಲ್ಕು ಗಂಟೆ ಹೀಗೇ ಮಾಡಿ ದಾಟದೇ ಮೇಯೋಕೆ ವಾಪಸ್ ಹೋಗೋದೂ ಉಂಟು. ಗಾಡಿ ದಡದ ಅಂಚಿಗೆ, ಅವು ಇಳಿಯೋ ದಾರಿ ಬಾಯಿಗೆ ನಿಂತರೆ ಅವು ಬರೋದೇ ಇಲ್ಲ, ಅಥವಾ ಪಕ್ಕದ ಕಡಿದಾದ ಜಾಗದಲ್ಲಿ ಹಾರಿ ಕಾಲು ಮುರಿದುಕೊಳ್ಳುತ್ತವೆ. ಹಾಗಾಗಿ ಹಿಂದೆ ದೂರದಲ್ಲಿ ನಿಂತು, ಮೊದಲ ಪ್ರಾಣಿಗಳು ನೀರಿಗೆ ಬಿದ್ದು ಸಾಲು ಗಟ್ಟಿಯಾದ ಮೇಲೇ ಮುಂದೆ ಸರಿಯಬೇಕು. ‘ಇನ್ನೂ ಮುಂದೆ, ಇನ್ನೂ ಮುಂದೆ’ ಅಂತ ಗಾಡಿಯಲ್ಲಿ ಕೂತವರು ಒತ್ತಾಯ ಮಾಡಿದಾಗಲೇ ಡ್ರೈವರುಗಳು ದಾರಿ ಕಟ್ಟೋದು. ನೀವು ಆ ಒತ್ತಾಯ ಮಾಡಬೇಡಿ, ಇದನ್ನ ಕೈಮುಗಿದು ಕೇಳ್ತೀನಿ. ಕಾಯೋಕೆ ಒಂದು ಗಡುವು ಇಟ್ಟುಕೊಳ್ಳಿ: ಮಧ್ಯಾಹ್ನ 2:30. ಅಷ್ಟರೊಳಗೆ ಆಗಲಿಲ್ಲ ಅಂದ್ರೆ ಹೊರಟುಬಿಡ್ರಿ. ಇಲ್ಲಾಂದ್ರೆ ಸಂಜೆಯ ಒಳ್ಳೇ ಬೆಳಕೂ ಹೋಗುತ್ತೆ, 6ರೊಳಗೆ ಗೇಟು ಮುಟ್ಟೋಕೆ ಡ್ರೈವರ್ ಗಾಡಿ ಎತ್ತಿಹಾಕಿಕೊಂಡು ಓಡಿಸಬೇಕಾಗುತ್ತೆ. ಒಳಗೆ ವೇಗದ ಮಿತಿ 50 ಕಿಲೋಮೀಟರ್.

ಮಣ್ಣಿನ ವಿಷಯ. ಮಾರಾದ ಬಹಳಷ್ಟು ಬಯಲು ನಮ್ಮ ಕಡೆ ಇರೋ ಎರೆಮಣ್ಣೇ, ಅಲ್ಲೂ ಅದನ್ನ ಬ್ಲ್ಯಾಕ್ ಕಾಟನ್ ಅಂತಲೇ ಕರೀತಾರೆ. ಒಣಗಿದ್ದಾಗ ಬಿರುಕು, ಒಂದು ಮಳೆ ಬಿದ್ದರೆ ಟೈರಿನ ಹಲ್ಲುಗಳ ನಡುವೆ ಮೆತ್ತಿಕೊಂಡು ಚಕ್ರ ಜಾರೋಕೆ ಶುರು. ಮಾರಾದಲ್ಲಿ ಆಗಸ್ಟಿನಲ್ಲೂ ಮಧ್ಯಾಹ್ನದ ಮೇಲೆ ಗುಡುಗಿನ ಮಳೆ ಬರುತ್ತೆ. ಪಶ್ಚಿಮಕ್ಕೆ ಮೋಡ ಕಟ್ಟಿದ್ದು ಕಂಡರೆ ಹಳ್ಳ ದಾಟಿ ಆಚೆ ಹೋಗಬೇಡಿ, ಮಳೆ ನಿಂತ ಮೇಲೂ ಹಳ್ಳದ ನೀರು ಇಳಿಯೋಕೆ ಹೊತ್ತು ಬೇಕು. ಹೂತುಕೊಂಡರೆ ಎಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ ಹೋಗುತ್ತೆ. ಡ್ರೈವರ್ ರೇಡಿಯೋದಲ್ಲಿ ಇನ್ನೊಂದು ಗಾಡಿ ಕರೆಸಿ ಹಗ್ಗದಿಂದ ಎಳೆಸಲಿ. ಅವರು ಸುತ್ತ ನೋಡಿ ‘ಇಳೀರಿ’ ಅನ್ನೋ ತನಕ ಯಾರೂ ಬಾಗಿಲು ತೆಗೆಯಬಾರದು.

ಕೊಂಡಜ್ಜಿ ಕೆರೆ, ದಾವಣಗೆರೆ

ಇಬ್ಬರಿಗೂ ತುಂಬಾ ಧನ್ಯವಾದ. ಇಡೀ ದಿನ ಅಂತ ನಿರ್ಧಾರ ಮಾಡಿದೆವು, ನದಿ ತೀರ್ಮಾನ ಹಿಂದಿನ ಸಂಜೆ. ಈಗ ಅತ್ತೆಯವರ ಚಿಂತೆ. ಹನ್ನೆರಡು ಗಂಟೆ ಗಾಡಿಯಲ್ಲಿ ಮಂಡಿ ಮಡಚಿ ಕೂರೋದು, ಶೌಚಾಲಯ, ಊಟ. ಅವರಂತೂ ‘ನೀರೇ ಕುಡಿಯಲ್ಲ ಬಿಡು’ ಅಂತಿದ್ದಾರೆ.

ಸಿರಿಗೆರೆ ಅಕ್ಕ

ನೀರು ಬಿಡಿಸಬೇಡಿ ತಂಗಿ. ಮಾರಾ ಸಮುದ್ರಮಟ್ಟದಿಂದ 1,500 ಮೀಟರಿಗೂ ಮೇಲಿದೆ, ಗಾಳಿ ಒಣ, ಛಾವಣಿ ತೆರೆದಿರುತ್ತದೆ. ಬೆವರು ಗೊತ್ತೇ ಆಗದೆ ಆರಿಹೋಗುತ್ತದೆ, ಮಧ್ಯಾಹ್ನಕ್ಕೆ ತಲೆನೋವು, ಸುಸ್ತು. ದೊಡ್ಡವರಿಗೆ ಒಂದೂವರೆ ಲೀಟರ್ ಕನಿಷ್ಠ, ಒಂದೇ ಸಲ ಗಟಗಟ ಕುಡಿಯದೆ ಗುಟುಕು ಗುಟುಕಾಗಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ತಿದ್ದರೆ ಆ ದಿನ ಯಾವ ಹೊತ್ತಿಗೆ ತಗೊಳ್ಳಬೇಕು ಅಂತ ನಿಮ್ಮ ಡಾಕ್ಟರನ್ನು ಈಗಲೇ ಕೇಳಿಡಿ, ನೀವೇ ಹೊತ್ತು ಬದಲಿಸಬೇಡಿ.

ಶೌಚಾಲಯ ಗೇಟುಗಳಲ್ಲಿ, ಒಳಗಿನ ಲಾಡ್ಜುಗಳಲ್ಲಿ ಇವೆ. ಸೆಕೆನಾನಿ ಕಡೆಯಿಂದ ಹೋಗುವವರಿಗೆ ಕೀಕೊರೋಕ್ ಲಾಡ್ಜ್ ದಾರಿಯಲ್ಲಿ ಸಿಗುತ್ತದೆ. ‘ಎರಡೂವರೆ ಗಂಟೆಗೊಮ್ಮೆ ನಿಲ್ಲಬೇಕು’ ಅಂತ ಡ್ರೈವರಿಗೆ ಬೆಳಿಗ್ಗೆಯೇ ಹೇಳಿ, ಅವರು ದಾರಿಯನ್ನೇ ಹಾಗೆ ಜೋಡಿಸುತ್ತಾರೆ. ತಡೆಯಲಾಗದಿದ್ದರೆ ಸಂಕೋಚ ಬೇಡ. ಹುಲ್ಲು ಗಿಡ್ಡ ಇರುವ ಬಯಲಲ್ಲಿ ಗಾಡಿ ನಿಲ್ಲಿಸಿ, ಡ್ರೈವರ್ ಮೊದಲು ಇಳಿದು ಸುತ್ತ ನೋಡಿ, ಗಾಡಿಯ ಹಿಂದಿನ ಚಕ್ರಕ್ಕೆ ಅಂಟಿಕೊಂಡೇ ಮುಗಿಸಬೇಕು. ಪೊದೆ ಮರೆ ಅಂತ ನಾಲ್ಕು ಹೆಜ್ಜೆ ದೂರ ಹೋಗುವುದೇ ಅಪಾಯ. ಪೊದೆಯಲ್ಲಿ ಮುದಿ ಗಂಡು ಕಾಡೆಮ್ಮೆ ಒಂಟಿಯಾಗಿ ಮಲಗಿರುತ್ತದೆ, ಅದು ಎಚ್ಚರಿಕೆ ಕೊಡದೆ ನುಗ್ಗುತ್ತದೆ. ಟಿಶ್ಯೂ ಕಾಗದ ಅಲ್ಲಿ ಎಸೆಯದೆ ಚೀಲದಲ್ಲಿ ವಾಪಸ್ ತನ್ನಿ. ಅತ್ತೆಯವರಿಗೆ ಸೀರೆಗಿಂತ ಸಡಿಲ ಚೂಡಿದಾರ್ ಅನುಕೂಲ, ಗಾಡಿ ಹತ್ತಿ ಇಳಿಯಲಿಕ್ಕೂ.

ಸೀಟು: ಹಿಂದಿನ ಸಾಲು ಹಿಂಬದಿ ಅಚ್ಚಿನ ಮೇಲೆ ಇರುತ್ತದೆ, ಕುಲುಕಾಟ ಎಲ್ಲ ಅಲ್ಲಿಗೇ. ಅಲ್ಲಿ ನಿಮ್ಮ ತಮ್ಮ ಕೂರಲಿ. ಅತ್ತೆ-ಮಾವ ಡ್ರೈವರಿನ ಹಿಂದಿನ ಮೊದಲ ಸಾಲಿನಲ್ಲಿ. ಲ್ಯಾಂಡ್ ಕ್ರೂಸರ್ ಮೆಟ್ಟಿಲು ಎತ್ತರ. ಕ್ಯಾಂಪಿನಲ್ಲಿ ಒಂದು ಗಿಡ್ಡ ಮಣೆ ಕೇಳಿ ಗಾಡಿಯಲ್ಲೇ ಇಟ್ಟುಕೊಳ್ಳಿ. ಹತ್ತಲಿಕ್ಕೂ ಆಗುತ್ತದೆ, ಕೂತಾಗ ಕಾಲಿಡಲಿಕ್ಕೂ ಆಗುತ್ತದೆ. ನಡುವಿಗೆ ಒಂದು ಸಣ್ಣ ದಿಂಬು. ಗಾಡಿ ನಿಂತಾಗಲೆಲ್ಲ ಎದ್ದು ಛಾವಣಿಯ ಸರಳು ಹಿಡಿದು ಐದು ನಿಮಿಷ ನಿಲ್ಲಲಿ, ಮಂಡಿ ಹಿಡಿದುಕೊಳ್ಳುವುದಿಲ್ಲ. ಗಾಡಿ ಓಡುವಾಗ ಮಾತ್ರ ನಿಲ್ಲಬಾರದು, ಮಗಳಿಗೂ ಇದನ್ನು ಗಟ್ಟಿಯಾಗಿ ಹೇಳಿ. ಮಗಳು ಸೀಟಿನ ಮೇಲೆ ನಿಲ್ಲುವುದಾದರೆ ಚಪ್ಪಲಿ ಬಿಟ್ಟು ನಿಲ್ಲಲಿ, ಮೊಣಕೈ ಗಾಡಿಯ ಹೊರಗೆ ಹೋಗಬಾರದು.

ಬೆಳಿಗ್ಗೆ ಚಳಿ ನಿಜವಾದ ಚಳಿ, 12-13 ಡಿಗ್ರಿ. ತೆರೆದ ಗಾಡಿಯ ಗಾಳಿಗೆ ಇನ್ನೂ ಕಡಿಮೆ ಅನಿಸುತ್ತದೆ. ದಾವಣಗೆರೆಯ ಒಂದು ತೆಳು ಸ್ವೆಟರ್ ಸಾಲದು. ಒಳಗೊಂದು, ಮೇಲೊಂದು, ಕಿವಿ ಮುಚ್ಚುವ ಟೋಪಿ, ಜೊತೆಗೆ ಕ್ಯಾಂಪಿನ ಕಂಬಳಿ. 10ರ ಹೊತ್ತಿಗೆ ಒಂದೊಂದೇ ತೆಗೆಯುತ್ತ ಹೋಗಬಹುದು. ಕಡು ನೀಲಿ, ಕಪ್ಪು ಬಟ್ಟೆ ಬೇಡ, ಟ್ಸೆಟ್ಸೆ ನೊಣ ಆ ಬಣ್ಣಕ್ಕೆ ಬರುತ್ತದೆ, ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ. ಸೈನಿಕರ ಮಾದರಿಯ ಚಿತ್ತಾರದ ಬಟ್ಟೆಯೂ ಬೇಡ, ಅಲ್ಲಿ ಪೊಲೀಸರ ತಕರಾರು ಬರುತ್ತದೆ.

ಊಟ: ಕ್ಯಾಂಪಿನವರು ಕೊಡುವ ಬುತ್ತಿ ಡಬ್ಬದಲ್ಲಿ ಸಾಮಾನ್ಯವಾಗಿ ಕೋಳಿ ತುಂಡು, ಬೇಯಿಸಿದ ಮೊಟ್ಟೆ, ಬ್ರೆಡ್ಡು, ಹಣ್ಣು, ಜ್ಯೂಸ್. ‘ವೆಜ್’ ಅಂತ ಮಾತ್ರ ಹೇಳಿದರೆ ಕೋಳಿ ತೆಗೆದು ಮೊಟ್ಟೆ ಎರಡು ಇಡುತ್ತಾರೆ. ಹಿಂದಿನ ರಾತ್ರಿ ಅಡುಗೆಯವರ ಹತ್ತಿರ ಹೋಗಿ ಮಾಂಸ, ಮೀನು, ಮೊಟ್ಟೆ ಮೂರೂ ಬೇಡ, ಚಪಾತಿ ಮತ್ತು ಕಾಳಿನ ಪಲ್ಯ ಬೇಕು ಅಂತ ಹೇಳಿ. ಕೀನ್ಯಾದವರಿಗೆ ಚಪಾತಿ ದಿನಬಳಕೆಯದೇ, ಹೆಸರೂ ಅದೇ. ಗಿಥೇರಿ ಅಂದರೆ ಮೆಕ್ಕೆಜೋಳದ ಕಾಳು-ಬೀನ್ಸ್ ಕಾಳು ಕೂಡಿಸಿ ಬೇಯಿಸಿದ್ದು, ಸುಕುಮಾ ವಿಕಿ ಅಂದರೆ ಸೊಪ್ಪಿನ ಪಲ್ಯ. ಉಗಾಲಿ ನಮ್ಮ ಮುದ್ದೆಯ ಹಾಗೇ, ಮೆಕ್ಕೆಜೋಳದ ಹಿಟ್ಟಿನದು. ಮಾವನವರಿಗೆ ಹಿಡಿಸಬಹುದು. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿ ಹುರಿದ ಮಂಡಕ್ಕಿ ಒಯ್ಯಿರಿ. ಹಸಿ ಹಣ್ಣು, ತರಕಾರಿ, ಬೀಜ ಒಯ್ಯಬೇಡಿ.

ಪ್ಲಾಸ್ಟಿಕ್ ಚೀಲದ ಮೇಲೆ ಕೀನ್ಯಾದಲ್ಲಿ 2017ರಿಂದ ನಿಷೇಧ ಇದೆ. 2020ರ ಜೂನ್‌ನಿಂದ ಕಾಯ್ದಿಟ್ಟ ಪ್ರದೇಶಗಳೊಳಗೆ ಒಮ್ಮೆ ಬಳಸಿ ಬಿಸಾಡುವ ಬಾಟಲಿ, ಲೋಟ, ಚಮಚಕ್ಕೂ ನಿಷೇಧ. ಹಾಗಾಗಿ ತಿಂಡಿಯೆಲ್ಲ ಸ್ಟೀಲ್ ಡಬ್ಬಿಗೆ, ನೀರು ಸ್ಟೀಲ್ ಬಾಟಲಿಗೆ. ಊಟಕ್ಕೆ ನಿಲ್ಲುವ ಮರದಡಿ ಬಬೂನ್, ವರ್ವೆಟ್ ಕೋತಿಗಳು ಕಾಯುತ್ತಿರುತ್ತವೆ. ಊಟದ ಹೊತ್ತಿಗೆ ಗಾಡಿಯ ಛಾವಣಿ, ಕಿಟಕಿ ಮುಚ್ಚಿಯೇ ಇಳಿಯಿರಿ. ಮಗಳ ಕೈಯಲ್ಲಿ ಬಾಳೆಹಣ್ಣು ಕೊಟ್ಟು ನಿಲ್ಲಿಸಬೇಡಿ.

ಇನ್ನೊಂದು, ಇದು ದಿನದ ಯೋಜನೆಯಲ್ಲ, ಆದರೆ ಇದಿಲ್ಲದೆ ದಿನವೇ ಇಲ್ಲ. ಕೀನ್ಯಾದಿಂದ ಭಾರತಕ್ಕೆ ವಾಪಸ್ ಬರುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯ, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಆರು ದಿನದ ತನಕ ಪ್ರತ್ಯೇಕವಾಗಿ ಇರಿಸುತ್ತಾರೆ. ಲಸಿಕೆ ಹಾಕಿಸಿದ 10 ದಿನದ ಮೇಲೆ ಪತ್ರಕ್ಕೆ ಮಾನ್ಯತೆ, ಆಮೇಲೆ ಜೀವನಪೂರ್ತಿ ಸಾಕು. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು. ನಮ್ಮ ಊರಿನ ಕ್ಲಿನಿಕ್‌ನಲ್ಲಿ ಆಗದು, ಬೆಂಗಳೂರಿಗೆ ಹೋಗಬೇಕಾಗುತ್ತದೆ, ಮುಂಚೆಯೇ ದಿನ ಗೊತ್ತುಮಾಡಿಕೊಳ್ಳಿ. 60 ದಾಟಿದವರಿಗೆ ಈ ಲಸಿಕೆಯ ಅಡ್ಡಪರಿಣಾಮದ ಸಾಧ್ಯತೆ ಹೆಚ್ಚು. ಮಾವನವರ ಬಗ್ಗೆ ಡಾಕ್ಟರ್ ಹತ್ತಿರ ಕೂತು ಮಾತಾಡಿಯೇ ಮುಂದುವರಿಯಿರಿ. ಮೊಟ್ಟೆಯ ಅಲರ್ಜಿ ಇದ್ದರೆ ಅದನ್ನೂ ಹೇಳಬೇಕು. ಮಲೇರಿಯಾ ತಡೆಯ ಮಾತ್ರೆಯನ್ನೂ ಅವರೇ ಬರೆದುಕೊಡುತ್ತಾರೆ.

ಸೂಳೆಕೆರೆ ಹಕ್ಕಿ, ಚನ್ನಗಿರಿ

ಕ್ಯಾಮೆರಾ ಬಗ್ಗೆ ಯಾರೂ ಬರೆದಿಲ್ಲ. 100-400 ಸಾಕು, ಹೊಸದು ಕೊಳ್ಳಬೇಡಿ. ಟ್ರೈಪಾಡ್ ಗಾಡಿಯೊಳಗೆ ನಿಲ್ಲುವುದಿಲ್ಲ. ದಪ್ಪ ಬಟ್ಟೆಯ ಜಿಪ್ ಇರುವ ಖಾಲಿ ಚೀಲ ಹೊಲಿಸಿಕೊಂಡು ಹೋಗಿ, ಅಲ್ಲಿ ಎರಡು ಕೆಜಿ ಅಕ್ಕಿಯೋ ಕಾಳೋ ತುಂಬಿ ಛಾವಣಿಯ ಅಂಚಿನ ಮೇಲಿಟ್ಟು ಲೆನ್ಸ್ ಒರಗಿಸಿ. ಪೂರ್ತಿ ತುಂಬಬೇಡಿ, ಮುಕ್ಕಾಲು ತುಂಬಿದರೆ ಲೆನ್ಸ್ ಒಳಗೆ ಕೂರುತ್ತದೆ. ವಾಪಸ್ ಬರುವಾಗ ಕಾಳು ಕ್ಯಾಂಪಿನ ಅಡುಗೆಮನೆಗೆ ಕೊಟ್ಟು ಬನ್ನಿ.

ಎಂಜಿನ್ ಓಡುತ್ತಿದ್ದರೆ ಎಲ್ಲ ಚಿತ್ರವೂ ನಡುಗುತ್ತದೆ, ಲೆನ್ಸಿನ ಸ್ಟೆಬಿಲೈಸರ್ ಅದನ್ನು ಸರಿ ಮಾಡಲಾರದು. ಶಟರ್ ವೇಗ ನಿಂತ ಪ್ರಾಣಿಗೆ 1/500 ಸೆಕೆಂಡ್, ನಡೆಯುವುದಕ್ಕೆ 1/1000, ಓಟ ಮತ್ತು ಹಾರುವ ಹಕ್ಕಿಗೆ 1/2000ಕ್ಕೆ ಮೇಲೆ. ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) ಆಟೋ ಇಟ್ಟು ಗರಿಷ್ಠ 6400 ಕೊಡಿ, ಬೆಳಿಗ್ಗೆ 6:30ಕ್ಕೆ ಅದು ಬೇಕಾಗುತ್ತದೆ. ಸ್ವಲ್ಪ ಕಾಳುಕಾಳಾದ ಚಿತ್ರ ಸರಿಮಾಡಬಹುದು, ಅಲ್ಲಾಡಿದ್ದನ್ನು ಆಗದು.

10ರ ಮೇಲೆ ದೂರದ ಪ್ರಾಣಿ ಎಷ್ಟು ಫೋಕಸ್ ಮಾಡಿದರೂ ಮಸುಕು ಬಂದರೆ ಲೆನ್ಸ್ ಕೆಟ್ಟಿದೆ ಅಂದುಕೊಳ್ಳಬೇಡಿ. ಬಿಸಿಯಾದ ನೆಲದಿಂದ ಏಳುವ ಗಾಳಿ ಬೆಳಕನ್ನು ಕದಲಿಸುತ್ತದೆ. 40-50 ಮೀಟರಿನೊಳಗಿನದನ್ನು ಮಾತ್ರ ತೆಗೆಯಿರಿ, ಮಿಕ್ಕಿದ್ದನ್ನು ಬೈನಾಕ್ಯುಲರಿನಲ್ಲಿ ನೋಡಿ. ಧೂಳಿನಲ್ಲಿ ಲೆನ್ಸ್ ಬದಲಿಸಬೇಡಿ. ಡ್ರೋನ್ ಒಯ್ಯಲೇಬೇಡಿ, ನಿಷೇಧ ಇದೆ. ಅಲ್ಲಿನ ಪ್ಲಗ್ ಮೂರು ಚಪ್ಪಟೆ ಕಡ್ಡಿಯದು, ಇಂಗ್ಲೆಂಡಿನ ಮಾದರಿ. ನಮ್ಮ ದುಂಡು ಪಿನ್ ಹೋಗದು, ಅಡಾಪ್ಟರ್ ಎರಡು ಇರಲಿ.

ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ ನಿಮಗೆ ಹತ್ತಿರ. ಓಡುವ ಕೃಷ್ಣಮೃಗವನ್ನು ಚೌಕಟ್ಟಿನೊಳಗೆ ಹಿಡಿಯಲು ಎರಡು ಬೆಳಿಗ್ಗೆ ಕಲಿತರೆ ಅಲ್ಲಿ ಥಾಮ್ಸನ್ ಗಸೆಲ್ ಅನ್ನುವ ಚಿಕ್ಕ ಜಿಂಕೆ ಬಂದಾಗ ಕೈ ತಡಕಾಡುವುದಿಲ್ಲ. ಪಕ್ಕೆಯಲ್ಲಿ ಕಪ್ಪು ಪಟ್ಟಿ ಇದ್ದು ಮೈ ಚಿಕ್ಕದಾದರೆ ಥಾಮ್ಸನ್. ದೊಡ್ಡದಾಗಿದ್ದು ಹಿಂಬದಿಯ ಬಿಳುಪು ಬಾಲದ ಮೇಲಕ್ಕೂ ಹತ್ತಿದ್ದರೆ ಗ್ರಾಂಟ್ ಗಸೆಲ್. ಮಗಳಿಗೂ ಈಗಿನಿಂದಲೇ ಬೈನಾಕ್ಯುಲರ್ ಕೊಡಿ: ಮೊದಲು ಕಣ್ಣಲ್ಲಿ ಪ್ರಾಣಿಯನ್ನು ಹಿಡಿದು, ನೋಟ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತರಬೇಕು. ಬೈನಾಕ್ಯುಲರ್ ಹಿಡಿದುಕೊಂಡು ಆಮೇಲೆ ಹುಡುಕುವವರಿಗೆ ಬರೀ ಹುಲ್ಲು ಕಾಣುತ್ತದೆ. ಆರು ಜನಕ್ಕೆ ಒಂದು ಬೈನಾಕ್ಯುಲರ್ ಸಾಲದು, ಇನ್ನೊಂದು ಎರವಲಾದರೂ ತನ್ನಿ.

ಕೊಂಡಜ್ಜಿ ಕೆರೆ, ದಾವಣಗೆರೆ

ಲಸಿಕೆಗೆ ಇವತ್ತೇ ಫೋನ್ ಮಾಡ್ತೀವಿ, ಅಕ್ಕನವರಿಗೆ ಧನ್ಯವಾದ. ಕೊನೆಯ ಪ್ರಶ್ನೆ. ರೇಡಿಯೋದಲ್ಲಿ ಸುದ್ದಿ ಬಂದ ತಕ್ಷಣ ಎಲ್ಲ ಗಾಡಿ ಒಂದೇ ಕಡೆ ನುಗ್ಗುತ್ತವೆ ಅಂತ ಕೇಳಿದ್ದೇವೆ. ಅದರಲ್ಲಿ ನಾವು ಸೇರಬಾರದು ಅಂದರೆ ಡ್ರೈವರಿಗೆ ಹೇಗೆ ಹೇಳಬೇಕು? ಅವರಿಗೆ ಬೇಜಾರಾಗಬಾರದು.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಬೇಜಾರಾಗುವುದಿಲ್ಲ. ಪ್ರಾಣಿ ತೋರಿಸದಿದ್ದರೆ ಜನ ದೂರು ಕೊಡುತ್ತಾರೆ ಅನ್ನುವ ಭಯಕ್ಕೇ ಅವರು ಓಡುವುದು. ಆ ಭಯ ನೀವು ತೆಗೆದರೆ ಒಳ್ಳೆಯ ಡ್ರೈವರ್ ತನಗೆ ಗೊತ್ತಿರುವ ಜಾಗಗಳನ್ನು ತೋರಿಸುತ್ತಾನೆ.

ನಿಯಮ ತಿಳಿದಿರಲಿ. ಸಿಂಹ, ಚಿರತೆ, ಚೀತಾದ ಸುತ್ತ ಒಂದು ಹೊತ್ತಿಗೆ ಐದೇ ಗಾಡಿ, 25 ಮೀಟರ್ ಅಂತರ, ಬೇರೆಯವರು ಕಾಯುತ್ತಿದ್ದರೆ 10 ನಿಮಿಷ. ದಾರಿ ಬಿಟ್ಟು ಹುಲ್ಲಿಗೆ ಇಳಿಯುವಂತಿಲ್ಲ. ಚೀತಾ ವಿಷಯದಲ್ಲಿ ಇದು ಬರೀ ಶಿಸ್ತಿನ ಮಾತಲ್ಲ. 2018ರಲ್ಲಿ ಪ್ರಕಟವಾದ ಮಾರಾದ ಅಧ್ಯಯನವೊಂದರಲ್ಲಿ, ಪ್ರವಾಸಿಗರು ಕಡಿಮೆ ಇರುವ ಕಡೆ ಒಂದು ಸೂಲಿಗೆ ಸರಾಸರಿ 2.3 ಮರಿ ಬೆಳೆದು ದೊಡ್ಡವಾದರೆ, ಪ್ರವಾಸಿಗರು ಹೆಚ್ಚಿರುವ ಕಡೆ 0.2 ಮಾತ್ರ. ಗಾಡಿಗಳ ಗುಂಪು ಬೇಟೆಯನ್ನು ಎಚ್ಚರಿಸುತ್ತದೆ. ಚೀತಾ ಓಡಿ ಹಿಡಿದ ಮೇಲೂ ಏದುಸಿರು ಇಳಿಯುವ ತನಕ ತಿನ್ನಲಾರದು. ಆ ಹೊತ್ತಿನಲ್ಲೇ ಗಾಡಿಗಳ ಜಾಡು ಹಿಡಿದು ಕಿರುಬ ಬಂದರೆ ಬೇಟೆ ಹೋಯಿತು, ಮರಿಗಳೂ ಉಪವಾಸ. ಈಗಾಗಲೇ ಐದು ಗಾಡಿ ಇದ್ದರೆ ಬೇರೆ ಕಡೆ ಹೋಗೋಣ ಅಂತ ನೀವೇ ಹೇಳಿಬಿಡಿ.

ಏಜೆಂಟರ ಮೂಲಕ ಡ್ರೈವರಿಗೆ ಈ ಒಕ್ಕಣೆಯ ಸಂದೇಶ ಈಗಲೇ ಕಳಿಸಿ: ‘ನಮಗೆ ಬಿಗ್ ಫೈವ್ ಪಟ್ಟಿ ಬೇಡ. ಕಪ್ಪು ಘೇಂಡಾಮೃಗ ಸಿಗದಿದ್ದರೂ ಪರವಾಗಿಲ್ಲ. ಒಂದು ಪ್ರಾಣಿಯ ಹತ್ತಿರ ಒಂದು ಗಂಟೆ ಕೂರಲು ಇಷ್ಟ. ನಿಲ್ಲಿಸಿದಾಗ ಎಂಜಿನ್ ಆಫ್ ಇರಲಿ. ಐದು ಗಾಡಿಗಿಂತ ಹೆಚ್ಚಿದ್ದರೆ ಮುಂದೆ ಹೋಗೋಣ. ದಾರಿ ಬಿಟ್ಟು ಇಳಿಯುವುದು ಬೇಡ. ಎರಡೂವರೆ ಗಂಟೆಗೊಮ್ಮೆ ಶೌಚಾಲಯ. ನದಿಯಿಂದ 2:30ಕ್ಕೆ ಹೊರಡೋಣ.’

ಗಾಡಿಯೊಳಗೆ ಮಾತಿಗೂ ಒಂದು ಕ್ರಮ ಇರಲಿ. ‘ಅಲ್ಲಿ, ಅಲ್ಲಿ, ಆ ಮರದ ಹತ್ತಿರ’ ಅಂದರೆ ಯಾರಿಗೂ ಕಾಣುವುದಿಲ್ಲ. ಗಾಡಿಯ ಮೂತಿ ಗಡಿಯಾರದ 12 ಅಂತ ಹಿಡಿದು ‘2 ಗಂಟೆಗೆ, ಎರಡನೇ ಹುತ್ತದ ಎಡಕ್ಕೆ’ ಅನ್ನಬೇಕು. ಅಲ್ಲಿನ ಎಲ್ಲ ಡ್ರೈವರುಗಳಿಗೂ ಈ ಲೆಕ್ಕ ಗೊತ್ತು. ಸ್ವಾಹಿಲಿಯಲ್ಲಿ ಸಿಂಬ ಸಿಂಹ, ಚುಯಿ ಚಿರತೆ, ದೂಮ ಚೀತಾ, ಟೆಂಬೊ ಆನೆ, ಫಿಸಿ ಕಿರುಬ. ಸಿಮಾಮ ಅಂದರೆ ನಿಲ್ಲಿಸಿ, ಟ್ವೆಂಡೆ ಅಂದರೆ ಹೋಗೋಣ. ರೇಡಿಯೋದಲ್ಲಿ ಇವು ಕೇಳಿದಾಗ ಮಗಳಿಗೆ ಅರ್ಥವಾದರೆ ಅವಳಿಗೂ ಹುರುಪು.

ಭಕ್ಷೀಸು ತಲೆಗೆ ದಿನಕ್ಕೆ 10 ಡಾಲರಿನಂತೆ ಲೆಕ್ಕ ಹಾಕಿ, ಕೊನೆಯ ದಿನ ಲಕೋಟೆಯಲ್ಲಿ ಕೊಡಿ. ಹಳೆಯ, ಹರಿದ, ಗೀಚಿದ ಡಾಲರ್ ನೋಟು ಅಲ್ಲಿ ನಡೆಯುವುದಿಲ್ಲ. ದಾವಣಗೆರೆಯಲ್ಲಿ ಬದಲಾಯಿಸುವಾಗ ಹೊಸ ನೋಟನ್ನೇ ಕೇಳಿ ತೆಗೆದುಕೊಳ್ಳಿ, ಅದರಲ್ಲೂ ಸಣ್ಣ ಮೊತ್ತದವು ಹೆಚ್ಚಿರಲಿ.